ಸಾಧಕನೂ ಸಾಮಗ್ರಿಯೂ

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ತನ್ನ ಕೈಯ ಕೊರತೆಯನ್ನು ಸಾಮಗ್ರಿಯ ಮೇಲೆ ಹೊರಿಸುವವನ ಬಾಯನ್ನು ಮುಚ್ಚಿಸುವುದಕ್ಕೆ ಇದಕ್ಕಿಂತ ಚಿಕ್ಕದೂ ಹರಿತವಾದುದೂ ಆದ ಮಾತು ಕನ್ನಡದಲ್ಲಿ ಮತ್ತೊಂದು ದೊರೆಯಲಾರದು. ಆದರೆ ಗಾದೆಗಳಿಗೆ ಒಂದು ದೋಷವುಂಟು. ಅವು ಸಾಕ್ಷ್ಯವನ್ನು ಕೇಳುವುದಕ್ಕೆ ಮೊದಲೇ ತೀರ್ಪನ್ನು ಕೊಟ್ಟುಬಿಡುತ್ತವೆ. ಆ ಹೆಂಗಸು ನಿಜವಾಗಿಯೂ ಕುಣಿಯಲಾರದವಳೇ ಆಗಿದ್ದಳೋ? ಅವಳ ದೂರನ್ನು ಕೇಳಿದವರಲ್ಲಿ ಒಬ್ಬರಾದರೂ ಎದ್ದು ಹೋಗಿ ನೆಲವನ್ನು ಮುಟ್ಟಿ ನೋಡಿದರೋ? ಗಾದೆ ಈ ವಿಷಯದಲ್ಲಿ ಮೌನವಾಗಿದೆ. ಡೊಂಕಾದ ನೆಲಗಳೂ ಲೋಕದಲ್ಲಿ ಉಂಟೆಂಬುದನ್ನು ಬಲ್ಲವರು, ಅವುಗಳ ಮೇಲೆ ಕುಣಿದು ಕಾಲು ಉಳುಕಿಸಿಕೊಂಡವರು ಮಾತ್ರವೇ.

ಸಾಧಕನು ತನ್ನ ಸಾಮಗ್ರಿಯ ವಿಚಾರವಾಗಿ ಎಷ್ಟು ಚಿಂತಿಸಬಹುದು, ಎಷ್ಟು ಆಸೆಪಡಬಹುದು, ಅದಕ್ಕಾಗಿ ಯಾರ ಯಾರ ಬದುಕಿನ ಮೇಲೆ ಎಷ್ಟು ಭಾರವನ್ನು ಹೊರಿಸಬಹುದು ಎಂಬುದು ಹಳೆಯ ಪ್ರಶ್ನೆ. ಮೇಲುನೋಟಕ್ಕೆ ಚಿಕ್ಕದೆಂದು ಕಾಣುವ ಒಂದು ಉದಾಹರಣೆಯಲ್ಲಿ ಇದನ್ನು ಇಟ್ಟು ನೋಡುವುದು ಉಚಿತವಾದೀತು.

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ಹಾದಿಯಲ್ಲಿ ಸವಳಂಗವೆಂಬ ಊರಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ಏರ್ಪಟ್ಟಾಗ ಹೊನ್ನಾಳಿ ತಾಲ್ಲೂಕಿನೊಡನೆ ಶಿವಮೊಗ್ಗ ಜಿಲ್ಲೆಯಿಂದ ಬೇರ್ಪಟ್ಟು, ಈಗ ನ್ಯಾಮತಿ ತಾಲ್ಲೂಕಿಗೆ ಸೇರಿರುವ ಈ ಊರು ಮಲೆನಾಡಿನ ಸೆರಗೂ ಬಯಲುಸೀಮೆಯ ಸೆರಗೂ ಒಂದನ್ನೊಂದು ಮುಟ್ಟುವ ಎಡೆಯಲ್ಲಿದೆ. ಇಂತಹ ಎಡೆಗಳಲ್ಲಿ ಬಗೆಬಗೆಯ ವಾದ್ಯಗಳು ಒಂದೇ ರಸ್ತೆಯಲ್ಲಿ ಹಾದುಹೋಗುತ್ತವೆ. ಬೀರದೇವರ ಡೊಳ್ಳು ಈ ಸೀಮೆಗೆ ಸ್ವಂತವಾದುದು. ಸಮೀಪದ ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರ ಜಯಂತಿ ನಡೆಯುವ ಫೆಬ್ರವರಿ ತಿಂಗಳಲ್ಲಿ ದೂರದೂರದ ಬಂಜಾರರು ನೆರೆದಾಗ ನಗಾರಿಯ ಧ್ವನಿ ಕೇಳಿಬರುತ್ತದೆ. ಭಜನೆಯ ಹಾರ್ಮೋನಿಯಂ, ತಬಲಗಳು ಊರೂರಿನಲ್ಲಿಯೂ ಇವೆ. ಭಾದ್ರಪದದಲ್ಲಿ ಗಣಪತಿಯನ್ನು ಕೂರಿಸಿದ ಮೇಲಂತೂ ಪೇಟೆಗಳಿಂದ ಆರ್ಕೆಸ್ಟ್ರಾ ತಂಡಗಳು ಹೊರಡುತ್ತವೆ. ಅವುಗಳೊಡನೆ ಕೀಬೋರ್ಡು, ರಿದಂ ಪ್ಯಾಡು, ಮತ್ತು ಒಮ್ಮೊಮ್ಮೆ, ಎಲ್ಲರ ಹಿಂದೆ ಒಂದು ಮೂಲೆಯಲ್ಲಿ ನಿಲ್ಲುವ ಬೇಸ್ ಗಿಟಾರು.

ಈ ಕಡೆಯ ವಾದ್ಯವನ್ನೇ ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳುವುದಕ್ಕೆ ಕಾರಣವಿದೆ. ಕೆಲಸದ ನಡುವೆ ಬಿಡುವು ದೊರೆತಾಗ ವಾದ್ಯಗಾರರು ಆಡುವ ಮಾತನ್ನು ಯಾರಾದರೂ ಮರೆಯಲ್ಲಿ ನಿಂತು ಕೇಳಿದರೆ, ಅವರು ರಾಗವನ್ನಾಗಲಿ ರಸವನ್ನಾಗಲಿ ಚರ್ಚಿಸುತ್ತಿರುವುದು ಅಪೂರ್ವ. ತಂತಿ ಯಾವುದು, ಸುತ್ತು ದುಂಡಗಿನದೋ ಚಪ್ಪಟೆಯದೋ, ಆಂಪ್ಲಿಫೈಯರಿನ ಬಲವೆಷ್ಟು, ಪೆಡಲನ್ನು ಎಲ್ಲಿಂದ ತರಿಸಿದರು, ಹೆಗಲಿಗೆ ಹಾಕುವ ಪಟ್ಟಿ ಅಗಲವಾಗಿದ್ದರೆ ಬೆನ್ನುನೋವು ಕಡಮೆಯಾಗುವುದೋ ಇಲ್ಲವೋ — ಮಾತೆಲ್ಲವೂ ಇಂತಹುದೇ. ಅವರಲ್ಲಿಯೂ ಬೇಸ್ ನುಡಿಸುವವನ ಮಾತು ಸಾಮಗ್ರಿಯನ್ನು ಬಿಟ್ಟು ಆಚೆಗೆ ಹೋಗುವುದು ಕಡಮೆ. ಇದನ್ನು ಕೇಳಿದ ಪಂಡಿತನು, ಇವರಿಗೆ ವಿದ್ಯೆಗಿಂತ ಸಾಮಾನೇ ದೊಡ್ಡದಾಯಿತೆಂದು ನಗಬಹುದು. ನಗುವುದಕ್ಕೆ ಮೊದಲು ಆ ಸ್ವರದ ಸ್ವಭಾವವನ್ನು ತಿಳಿದುಕೊಳ್ಳುವುದು ನ್ಯಾಯ.

ಬೇಸ್ ಗಿಟಾರಿನ ಅತ್ಯಂತ ದಪ್ಪನಾದ ತಂತಿಯನ್ನು ಬಿಟ್ಟಂತೆ ಮೀಟಿದರೆ ಅದು ಒಂದು ಸೆಕೆಂಡಿಗೆ ಸುಮಾರು 41 ಸಲ ಅಲುಗುತ್ತದೆ. ಮನುಷ್ಯನ ಕಿವಿ ಇಷ್ಟು ತಗ್ಗಿದ ಸ್ವರಕ್ಕೆ ಬಹಳ ಮಂದ. ಮಧ್ಯಮಸ್ಥಾಯಿಯ ಸ್ವರವೊಂದು ಎಷ್ಟು ಬಲದಿಂದ ಕೇಳಿಸುವುದೋ ಅಷ್ಟೇ ಬಲದಿಂದ ಮಂದ್ರವು ಕೇಳಬೇಕಾದರೆ ಅದಕ್ಕೆ ಎಷ್ಟೋ ಪಾಲು ಹೆಚ್ಚಿನ ಶಕ್ತಿಯನ್ನು ಒದಗಿಸಬೇಕು. ಆದುದರಿಂದ ಹಾಡುವವನಿಗೆ ಸಾಕಾಗುವ ಯಂತ್ರವು ಬೇಸಿನವನಿಗೆ ಸಾಲದು. ಅವನು ದೊಡ್ಡ ಪೆಟ್ಟಿಗೆಯನ್ನು ಕೇಳುವುದು ಆಡಂಬರದಿಂದಲ್ಲ, ಕಿವಿಯ ರಚನೆ ಹಾಗಿರುವುದರಿಂದ. ಇನ್ನೊಂದು ವಿಚಿತ್ರವೂ ಉಂಟು. ಅಂಗೈಯಗಲದ ಮೊಬೈಲಿನ ಧ್ವನಿಪೆಟ್ಟಿಗೆಯು ಆ 41ರ ಕಂಪನವನ್ನು ಹೊರಡಿಸಲಾರದು. ಅದರ ಮೇಲಣ ಅನುಸ್ವರಗಳು ಮಾತ್ರ ಹೊರಗೆ ಬರುತ್ತವೆ. ಆದರೂ ಕೇಳುವವನಿಗೆ ಮಂದ್ರವೇ ಕೇಳಿದಂತಾಗುತ್ತದೆ. ಮೇಲಿನ ಸ್ವರಗಳ ಸಂಬಂಧದಿಂದ ಬುದ್ಧಿಯು ಬುಡದಲ್ಲಿ ಇಲ್ಲದ ಸ್ವರವನ್ನು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಹೀಗೆ, ಇರುವಾಗ ಗಮನಕ್ಕೆ ಬಾರದ, ಇಲ್ಲದಿರುವಾಗಲೂ ಇದ್ದಂತೆ ತೋರುವ ಸ್ವರವನ್ನು ನುಡಿಸುವವನಿಗೆ ಮೆಚ್ಚುಗೆ ಎಲ್ಲಿಂದ ಬರಬೇಕು?

ಹಾಡುವವಳಿಗೆ ಚಪ್ಪಾಳೆಯುಂಟು, ಕೊಳಲಿನವನಿಗೆ ತಲೆದೂಗುವವರುಂಟು. ಬೇಸಿನವನು ಒಂದು ರಾತ್ರಿ ಬಾರದೆ ಹೋದರೆ ಸಭೆಗೆ ಏನೋ ಟೊಳ್ಳೆನಿಸುತ್ತದೆ, ಆದರೆ ಏನೆಂದು ಹೇಳಲು ತಿಳಿಯದು. ಅವನ ಕೆಲಸವನ್ನು ಬಲ್ಲವರು ಅವನೂ ಅವನಂಥವರೂ ಮಾತ್ರ. ತಾನು ಈ ರಾತ್ರಿ ಚೆನ್ನಾಗಿ ನುಡಿಸಿದೆನೆಂದು ಅವನೇ ಹೇಳಿಕೊಂಡರೆ ಜಂಬವಾಗುತ್ತದೆ, ನುಡಿಸಲಾರದೆ ಹೋದೆನೆಂದರೆ ಮುಂದಿನ ಕೆಲಸ ತಪ್ಪುತ್ತದೆ. ತಂತಿ ಹಳೆಯದಾಗಿ ನಾದ ಮಂಕಾಯಿತೆಂದು ಹೇಳುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಸಂಕೋಚಶೀಲರಾದ ಗಂಡಸರು ಮಳೆಬೆಳೆಗಳ ಮಾತಿನ ಮೂಲಕ ಮನೆಯ ಕಷ್ಟಸುಖಗಳನ್ನು ಒಬ್ಬರಿಗೊಬ್ಬರು ತಿಳಿಸಿಕೊಳ್ಳುವಂತೆ, ಇವರು ತಂತಿಯ ಮಾತಿನಲ್ಲಿ ತಮ್ಮ ವಿದ್ಯೆಯ ಕಷ್ಟಸುಖಗಳನ್ನು ತಿಳಿಸಿಕೊಳ್ಳುತ್ತಾರೆ. ಸಾಮಗ್ರಿಯ ಚರ್ಚೆಯೆಲ್ಲವೂ ಮೋಹವೆಂದು ತಳ್ಳುವವರು ಈ ಅಂಶವನ್ನು ಗಮನಿಸಿದಂತೆ ಕಾಣುವುದಿಲ್ಲ.

ಹಾಗೆ ನೋಡಿದರೆ ಈ ವಾದ್ಯವು ಹುಟ್ಟಿದುದೇ ಕೆಲಸಗಾರರ ದೂರಿನಿಂದ. ಆಳೆತ್ತರದ ಡಬಲ್ ಬೇಸನ್ನು ಊರಿಂದೂರಿಗೆ ಹೊತ್ತು ತಿರುಗುವುದು ಅಮೆರಿಕೆಯ ವಾದ್ಯಗಾರರಿಗೆ ಪ್ರಯಾಸವಾಗಿತ್ತು. ಇತರ ವಾದ್ಯಗಳ ಗದ್ದಲದಲ್ಲಿ ಅದರ ಧ್ವನಿ ಮುಳುಗಿಯೂ ಹೋಗುತ್ತಿತ್ತು. 1930ರ ದಶಕದಲ್ಲಿ ಪಾಲ್ ಟಟ್‌ಮಾರ್ಕ್ ಎಂಬವನು ಸಿಯಾಟಲ್ ನಗರದಲ್ಲಿ ವಿದ್ಯುತ್ತಿನ ಬೇಸನ್ನು ಮಾಡಿ ನೋಡಿದನಾದರೂ ಅದು ಬಳಕೆಗೆ ಬರಲಿಲ್ಲ. 1951ರಲ್ಲಿ ಲಿಯೋ ಫೆಂಡರನು 34 ಅಂಗುಲದ ತಂತಿಯಳತೆಯ ವಾದ್ಯವೊಂದನ್ನು ಹೊರತಂದನು. ದಂಡಿಯ ಮೇಲೆ ಮೆಟ್ಟಿಲುಗಳಿರುವುದರಿಂದ ಸ್ವರಸ್ಥಾನವು ತಪ್ಪದೆಂಬ ಅಭಿಪ್ರಾಯದಿಂದ ಅದಕ್ಕೆ ಪ್ರಿಸಿಷನ್ ಎಂದು ಹೆಸರಿಟ್ಟನು. ಈ ಫೆಂಡರನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲವೆಂಬುದು ಸ್ವಾರಸ್ಯದ ಸಂಗತಿ. ವಾದ್ಯಗಾರರು ತಂದ ದೂರುಗಳನ್ನು ಅವನು ಕೇಳಿಕೊಂಡು, ಅದಕ್ಕೆ ತಕ್ಕಂತೆ ತಿದ್ದುತ್ತ ಹೋದನು. ಕುಣಿಯಲಾರದವನೇ ಕುಣಿಯುವವರ ಮಾತಿಗೆ ಕಿವಿಗೊಟ್ಟು ನೆಲವನ್ನು ಸಮ ಮಾಡಿಕೊಟ್ಟನೆಂದರೆ ತಪ್ಪಾಗದು.

ಇಂತಹ ದೃಷ್ಟಾಂತಕ್ಕೆ ಸಮುದ್ರವನ್ನು ದಾಟಬೇಕಾದ ಅಗತ್ಯವೂ ಇಲ್ಲ. ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಧ್ವನಿವರ್ಧಕಗಳು ಇನ್ನೂ ಸಭೆಗಳಿಗೆ ಬಾರದ ಕಾಲದಲ್ಲಿ ಪಿಟೀಲಿನ ಸಣ್ಣ ಧ್ವನಿ ಹಿಂದಿನ ಸಾಲುಗಳಿಗೆ ಮುಟ್ಟುತ್ತಿರಲಿಲ್ಲ. 1927ರ ಸುಮಾರಿಗೆ ಅವರು ನಾಲ್ಕು ತಂತಿಗಳ ವಾದ್ಯಕ್ಕೆ ಮತ್ತೆ ಮೂರನ್ನು ಕೂಡಿಸಿ ಏಳು ತಂತಿಗಳ ಪಿಟೀಲನ್ನು ಬಳಕೆಗೆ ತಂದರು. ಇದನ್ನು ಅತಿಯಾಸೆಯೆನ್ನಬಹುದೇ? ತಂತಿಗಳು ಹೆಚ್ಚಿದಷ್ಟೂ ಶ್ರುತಿಗೂಡಿಸುವ ಶ್ರಮವೂ, ಬೆರಳಿನ ಕೆಲಸವೂ ಹೆಚ್ಚುತ್ತವೆ. ಒಂದೇ ಬೆರಳು ಎರಡು ತಂತಿಗಳನ್ನು ಸಮನಾಗಿ ಒತ್ತಬೇಕಾಗುತ್ತದೆ. ಚೌಡಯ್ಯನವರು ತಮ್ಮ ಕೆಲಸವನ್ನು ಹಗುರ ಮಾಡಿಕೊಳ್ಳಲಿಲ್ಲ. ಕಡೆಯ ಸಾಲಿನಲ್ಲಿ ಕುಳಿತವನಿಗಾಗಿ ಅದನ್ನು ಭಾರ ಮಾಡಿಕೊಂಡರು. ಬೆಂಗಳೂರಿನಲ್ಲಿ 1980ರಲ್ಲಿ ಅವರ ನೆನಪಿಗೆ ಎದ್ದ ಸಭಾಮಂದಿರವನ್ನು ಪಿಟೀಲಿನ ಆಕಾರದಲ್ಲಿಯೇ ಕಟ್ಟಿದರು, ಅದಕ್ಕೆ ಏಳು ತಂತಿಗಳನ್ನೂ ಇಟ್ಟರು. ಮನುಷ್ಯನ ಜ್ಞಾಪಕಾರ್ಥವಾಗಿ ಅವನ ಸಾಮಗ್ರಿಯ ಮೂರ್ತಿಯನ್ನು ನಿಲ್ಲಿಸಿದ ಉದಾಹರಣೆಗಳು ಹೆಚ್ಚಾಗಿ ಇರಲಾರವು.

ಆದರೆ ವಾದವನ್ನು ಇಷ್ಟಕ್ಕೇ ನಿಲ್ಲಿಸಿದರೆ ಮೋಹವೆಂಬುದೇ ಇಲ್ಲವೆಂದು ಹೇಳಿದಂತಾದೀತು. ಮೋಹವುಂಟು, ಅದು ಮನೆಗಳನ್ನು ಮುರಿದಿರುವುದೂ ಉಂಟು. ಸವಳಂಗದ ಕಡೆಯ ಒಬ್ಬ ತರುಣನು ನಾಲ್ಕು ತಂತಿಯ ಹಳೆಯ ಬೇಸನ್ನು ಎರಡನೆಯ ಕೈಯಿಂದ ಕೊಂಡು, ಗಣಪತಿಯ ಕಾಲದಲ್ಲಿ ತಂಡಗಳೊಡನೆ ಹೋಗಿ ನಾಲ್ಕು ಕಾಸು ಸಂಪಾದಿಸುತ್ತಿರುವನೆಂದು ಭಾವಿಸಿಕೊಳ್ಳಬಹುದು. ಅವನ ಕಣ್ಣು ಐದು ತಂತಿಯ ಹೊಸ ವಾದ್ಯದ ಮೇಲೆ ಬಿದ್ದಿದೆ. ಅದಕ್ಕೆ ಬೇಕಾದ ಹಣ ಅವನಲ್ಲಿಲ್ಲ, ತಾಯಿಯ ಕೊರಳಲ್ಲಿದೆ. ಅಡವಿಡುವ ಅಂಗಡಿ ಊರಿನಲ್ಲಿಯೇ ಇದೆ. ತಾಯಿ ಇಲ್ಲವೆನ್ನಲಾರಳು. ಇಲ್ಲಿಗೆ ಪ್ರಶ್ನೆ ಸಂಗೀತದ ಎಲ್ಲೆಯನ್ನು ದಾಟಿತು. ಹೊಸ ವಾದ್ಯದಿಂದ ನಾದ ಎಷ್ಟು ಹೆಚ್ಚೀತು ಎಂಬುದು ಮಾತ್ರವೇ ಆಗಿದ್ದರೆ ಬಲ್ಲವರು ಉತ್ತರ ಹೇಳಬಹುದಿತ್ತು. ಆ ಹೆಚ್ಚಳಕ್ಕಾಗಿ ಮತ್ತೊಬ್ಬರ ಕೊರಳು ಬರಿದಾಗುವುದು ಸರಿಯೇ ಎಂಬುದಕ್ಕೆ ಅಳತೆಗೋಲು ಯಾವ ಅಂಗಡಿಯಲ್ಲಿಯೂ ಸಿಕ್ಕದು.

ಒಂದು ಪರೀಕ್ಷೆಯನ್ನು ಮಾತ್ರ ಸೂಚಿಸಬಹುದು. ಆ ತರುಣನಿಗೆ ಈ ಕೊರತೆ ಗೊತ್ತಾದುದು ಹೇಗೆ? ತನ್ನ ವಾದ್ಯವನ್ನು ನುಡಿಸುತ್ತಿರುವಾಗ, ಹಾಡಿಗೆ ಬೇಕಾದ ತಗ್ಗಿನ ಸ್ವರವೊಂದನ್ನು ಕೈ ಹುಡುಕಿ, ಅದು ಅಲ್ಲಿಲ್ಲದೆ ಬರಿಗೈಯಲ್ಲಿ ಹಿಂದಿರುಗಿತೇ? ಹಾಗಿದ್ದರೆ ಕೊರತೆ ಕೈಯಿಂದ ಹುಟ್ಟಿದುದು. ಅದು ಸಾಚಾ. ಇಲ್ಲವೇ, ಮತ್ತೊಬ್ಬನ ಹೆಗಲ ಮೇಲೆ ಐದು ತಂತಿಗಳನ್ನು ಕಂಡ ಮೇಲೆ ತನ್ನ ನಾಲ್ಕು ಬಡವಾಗಿ ತೋರಿದವೇ? ಹಾಗಿದ್ದರೆ ಅದು ಕಣ್ಣಿನಿಂದ ಹುಟ್ಟಿದುದು, ಕಣ್ಣಿಗೆ ಐದಾದ ಮೇಲೆ ಆರು ಬೇಕಾಗುವುದು. ಈ ಪರೀಕ್ಷೆಯನ್ನು ಹೊರಗಿನವರು ನಡಸಲಾರರು. ತನ್ನನ್ನು ತಾನೇ ವಂಚಿಸಿಕೊಳ್ಳುವುದರಲ್ಲಿ ಮನುಷ್ಯನು ಬಹಳ ಜಾಣನಾದುದರಿಂದ ಒಳಗಿನವನೂ ಅದನ್ನು ನೆಚ್ಚುವಂತಿಲ್ಲ. ಆದರೂ ಬೇರೆ ಪರೀಕ್ಷೆ ಇಲ್ಲ.

ಇಂತಹವರಿಗೆ ಬುದ್ಧಿ ಹೇಳುವವರು ಸಾಮಾನ್ಯವಾಗಿ ಜೇಮ್ಸ್ ಜೇಮರ್‌ಸನ್ನನ ಕಥೆಯನ್ನು ಎತ್ತುವುದುಂಟು. ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯ ಧ್ವನಿಮುದ್ರಿಕೆಗಳಲ್ಲಿ 1960ರ ದಶಕದ ಉದ್ದಕ್ಕೂ ಬೇಸ್ ನುಡಿಸಿದ ಈ ಮಹಾನುಭಾವನು, ಬಹುಮಟ್ಟಿಗೆ 1962ರ ಒಂದೇ ವಾದ್ಯವನ್ನು ಹಿಡಿದು, ಅದರ ಚಪ್ಪಟೆ ಸುತ್ತಿನ ದಪ್ಪ ತಂತಿಗಳನ್ನು ಮುರಿದರೆ ಹೊರತು ಬದಲಾಯಿಸದೆ, ಬಲಗೈಯ ತೋರುಬೆರಳೊಂದರಿಂದಲೇ ಜಗತ್ತಿನ ಬೇಸ್ ವಾದನದ ರೀತಿಯನ್ನು ತಿರುಗಿಸಿಬಿಟ್ಟನು. ಹಳೆಯ ತಂತಿ, ಒಂದು ಬೆರಳು, ಇನ್ನೇನು ಬೇಕು ಎಂದು ಉಪದೇಶಕರು ಕೇಳುತ್ತಾರೆ. ಉಪದೇಶ ಸೊಗಸಾಗಿದೆ. ಆದರೆ ಕಥೆಯ ಉಳಿದ ಭಾಗವನ್ನು ಅವರು ಹೇಳುವುದಿಲ್ಲ. ಅಷ್ಟೊಂದು ಹಾಡುಗಳ ತಳಹದಿಯನ್ನು ಕಟ್ಟಿದವನ ಹೆಸರು ಬಹುಕಾಲ ಆ ತಟ್ಟೆಗಳ ಮೇಲೆ ಅಚ್ಚಾಗಲೇ ಇಲ್ಲ. 1971ರಲ್ಲಿ ಮಾರ್ವಿನ್ ಗೇ ಎಂಬ ಗಾಯಕನ ತಟ್ಟೆಯ ಹೊದಿಕೆಯಲ್ಲಿ ವಾದ್ಯಗಾರರ ಹೆಸರುಗಳು ಬಂದಾಗಲೇ ಅವನ ಹೆಸರೂ ಬೆಳಕಿಗೆ ಬಂದದ್ದು. 1983ರಲ್ಲಿ ಅವನು ತೀರಿಕೊಳ್ಳುವುದಕ್ಕೆ ಕೆಲವೇ ದಿನಗಳ ಮುಂಚೆ ಆ ವಾದ್ಯವೂ ಕಳುವಾಯಿತು. ಆ ಬೇಸಿನಿಂದ ಲೋಕಕ್ಕೆ ದೊರೆತ ಐಶ್ವರ್ಯವನ್ನೂ, ಅದನ್ನು ನುಡಿಸಿದವನಿಗೆ ದೊರೆತುದನ್ನೂ ಎದುರುಬದುರಾಗಿ ಇಟ್ಟು ನೋಡಿದರೆ, ಹಳೆಯ ತಂತಿಯಿಂದ ತೃಪ್ತನಾಗಿರೆಂದು ಬಡ ವಾದ್ಯಗಾರನಿಗೆ ಹೇಳುವ ಬಾಯಿ ಸ್ವಲ್ಪ ತಡವರಿಸಬೇಕು. ತನಗೆ ಬೇಕಾದ ನಾದವನ್ನು ಕಂಡುಕೊಂಡು ಅಲ್ಲಿಯೇ ನಿಂತವನ ತೃಪ್ತಿ ಬೇರೆ. ಬೇಕಾದುದು ಸಿಕ್ಕದೆ ಕೈಕಟ್ಟಿ ಕುಳಿತವನಿಗೆ ಇತರರು ಹೊರಿಸುವ ತೃಪ್ತಿ ಬೇರೆ.

ಸಾಮಗ್ರಿಯ ಬೆಲೆಯನ್ನು ಕೊಡುವವನು ನುಡಿಸುವವನೊಬ್ಬನೇ ಅಲ್ಲವೆಂಬುದು ಇನ್ನೂ ಗಹನವಾದ ವಿಷಯ. ಡೊಳ್ಳಿನ ಉತ್ಪತ್ತಿಯನ್ನು ಕುರಿತು ಹಾಲುಮತದವರಲ್ಲಿ ಒಂದು ಐತಿಹ್ಯವುಂಟು. ಡೊಳ್ಳಾಸುರನೆಂಬ ರಾಕ್ಷಸನು ಶಿವನನ್ನು ನುಂಗಿದನೆಂದೂ, ಶಿವನು ಅವನ ಒಡಲಲ್ಲಿ ಬೆಳೆದು ಸೀಳಿಕೊಂಡು ಹೊರಗೆ ಬಂದು, ಅವನ ಚರ್ಮದಿಂದಲೇ ವಾದ್ಯವನ್ನು ಮಾಡಿ ಭಕ್ತರಿಗೆ ಕೊಟ್ಟನೆಂದೂ ಹೇಳುತ್ತಾರೆ. ಈ ಕಥೆಯನ್ನು ಕಟ್ಟಿದವರು ಸೂಕ್ಷ್ಮಜ್ಞರು. ಪ್ರತಿಯೊಂದು ಚರ್ಮವಾದ್ಯದ ಹಿಂದೆಯೂ ಒಂದು ಸಾವಿದೆಯೆಂಬುದನ್ನು ಅವರು ಮುಚ್ಚಿಡಲಿಲ್ಲ. ಸತ್ತವನು ಅಸುರನಾದುದರಿಂದ ಕೇಳುವವನ ಮನಸ್ಸಿಗೆ ಸಮಾಧಾನವಾಗುತ್ತದೆ. ಡೊಳ್ಳಿಗೆ ಮುಚ್ಚುವುದು ಆಡಿನ ಚರ್ಮವನ್ನು, ಆಡು ಯಾರನ್ನೂ ನುಂಗಿದುದಿಲ್ಲ.

ಮೃದಂಗದಲ್ಲಿ ಇದು ಇನ್ನೂ ತೊಡಕಾಗಿದೆ. ಹಲಸಿನ ಮರವನ್ನು ತೋಡಿ ಮಾಡಿದ ಆ ವಾದ್ಯದ ಬಲಮುಖದಲ್ಲಿ ಕರಣೆಯನ್ನು ಪದರಪದರವಾಗಿ ಮೆತ್ತುತ್ತಾರೆ. ಎಡಮುಖದ ನಡುವೆ ರವೆಯನ್ನು ನಾದಿ, ಕಚೇರಿಗೆ ಸ್ವಲ್ಪ ಮುಂಚೆ ಹಚ್ಚಿ, ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಹಿಡಿ ರವೆಯಿಂದ ಹೊರಡುವ ಆ ಎಡದ ಗುಂಕಾರವೇ ಕರ್ನಾಟಕ ಸಂಗೀತದ ಬೇಸ್ ಎಂದರೂ ಸಲ್ಲುತ್ತದೆ. ಸಾಮಾನ್ಯವಾದ ಚರ್ಮದ ಹೊದಿಕೆಯನ್ನು ಬಡಿದರೆ ಒಂದಕ್ಕೊಂದು ಹೊಂದದ ಅನುಸ್ವರಗಳು ಹೊರಟು ಬರಿಯ ಶಬ್ದವಾಗುತ್ತದೆ, ಕರಣೆಯ ಭಾರದಿಂದ ಆ ಅನುಸ್ವರಗಳು ತಂತಿವಾದ್ಯದಲ್ಲಿರುವಂತೆ ಕ್ರಮಕ್ಕೆ ಬಂದು ಸ್ವರವಾಗುತ್ತದೆ ಎಂಬುದನ್ನು ಸರ್ ಸಿ. ವಿ. ರಾಮನ್ನರು 1920ರಲ್ಲಿಯೂ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿಯೂ ಶಾಸ್ತ್ರೀಯವಾಗಿ ತೋರಿಸಿದರು. ಅವರು ಅಳೆದು ಕಂಡುದನ್ನು ಅಳೆಯದೆಯೇ ಕಂಡು, ತಲೆಮಾರುಗಳಿಂದ ಕೈಯಲ್ಲಿ ಉಳಿಸಿಕೊಂಡು ಬಂದ ಕುಶಲಿಗಳು ಯಾರು? ಸತ್ತ ಪ್ರಾಣಿಯ ಚರ್ಮವನ್ನು ಮುಟ್ಟುವುದರಿಂದಲೇ ಸಮಾಜವು ಯಾರನ್ನು ದೂರವಿಟ್ಟಿತೋ ಅವರಲ್ಲಿ ಅನೇಕರು. ಅದೇ ಚರ್ಮವು ವಾದ್ಯವಾಗಿ ವಿದ್ವಾಂಸರ ಮಡಿಲಿಗೆ ಬಂದಾಗ ಶುದ್ಧವಾಯಿತು, ಅದನ್ನು ಮಾಡಿದ ಕೈ ಮಾತ್ರ ಶುದ್ಧವಾಗಲಿಲ್ಲ. ಗಾಯಕ ಟಿ. ಎಂ. ಕೃಷ್ಣ ಅವರು 2020ರಲ್ಲಿ ಪ್ರಕಟಿಸಿದ ಸೆಬಾಸ್ಟಿಯನ್ ಅಂಡ್ ಸನ್ಸ್ ಎಂಬ ಗ್ರಂಥದಲ್ಲಿ ಮೃದಂಗ ಮಾಡುವವರ ಮನೆತನಗಳನ್ನು ಹುಡುಕಿಕೊಂಡು ಹೋಗಿ ಅವರ ವೃತ್ತಾಂತವನ್ನು ದಾಖಲಿಸಿದ್ದಾರೆ. ಇಷ್ಟು ತಡವಾಗಿ ಅಂತಹ ಗ್ರಂಥವೊಂದು ಬರಬೇಕಾಯಿತೆಂಬುದೇ ಯೋಚನೆಗೆ ಸಾಕಷ್ಟು ವಿಷಯವನ್ನು ಒದಗಿಸುತ್ತದೆ.

ಬೆಂಗಳೂರಿನ ಗಾಯಕರೂ ಎಂಜಿನಿಯರರೂ ಆದ ಕೆ. ವರದರಂಗನ್ ಅವರು ಚರ್ಮವನ್ನು ಬಿಟ್ಟು ಕೃತಕ ಹೊದಿಕೆಯಿಂದ ಮೃದಂಗವನ್ನು ರಚಿಸಿದ್ದಾರೆ. ಅಹಿಂಸೆಯ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ. ಆದರೆ ಒಂದು ಋಣವನ್ನು ತೀರಿಸಹೋದರೆ ಇನ್ನೊಂದು ಎದುರು ನಿಲ್ಲುತ್ತದೆ. ಪ್ರಾಣಿ ಉಳಿಯಿತು, ಪ್ರಾಣಿಯ ಚರ್ಮವನ್ನು ಹದಮಾಡಿ ಬದುಕುತ್ತಿದ್ದ ಕುಟುಂಬದ ಗತಿಯೇನು? ತಮ್ಮನ್ನು ಹೀನವಾಗಿ ಕಾಣಲು ನೆಪವಾಗಿದ್ದ ಕಸಬು ಹೋಯಿತೆಂದು ಅವರ ಮಕ್ಕಳು ಸಂತೋಷಪಡಬೇಕೋ, ತಮ್ಮ ಹಿರಿಯರ ಅಸಾಧಾರಣ ವಿದ್ಯೆ ಹೋಯಿತೆಂದು ದುಃಖಿಸಬೇಕೋ? ಅವರ ಪರವಾಗಿ ಇತರರು ಉತ್ತರ ಹೇಳಿಬಿಡುವುದು ಉದ್ಧಟತನವಾದೀತು.

ಯಂತ್ರದ ಮಾತು ಬಂದುದರಿಂದ ತಂಬೂರಿಯ ವಿಷಯವನ್ನೂ ಹೇಳಬೇಕು. ತಂಬೂರಿಯ ತಂತಿಗೂ ಕುದುರೆಗೂ ನಡುವೆ ಒಂದೆಳೆ ನೂಲನ್ನು ಸೇರಿಸುತ್ತಾರೆ, ಅದಕ್ಕೆ ಜೀವವೆಂದು ಹೆಸರು. ಆ ನೂಲು ಒಂದಿಷ್ಟು ಸರಿದರೆ ನಾದವು ಸಪ್ಪೆಯಾಗುವುದು, ಸರಿಯಾಗಿ ಕೂತರೆ ಸ್ವರಗಳ ಮಳೆಯೇ ಸುರಿಯುವುದು. ವೀಣೆ ತಂಬೂರಿಗಳ ಈ ವಿಶೇಷವನ್ನು ಕುರಿತು ರಾಮನ್ನರೇ 1921ರಲ್ಲಿ ಬರೆದಿದ್ದಾರೆ. ನೂಲಿನೆಳೆಗೆ ಜೀವವೆಂದು ಹೆಸರಿಟ್ಟ ಜನಕ್ಕೆ ಸಾಮಗ್ರಿಯ ಮಹಿಮೆ ತಿಳಿದಿರಲಿಲ್ಲವೆಂದು ಯಾರು ಹೇಳಬಲ್ಲರು? ತಂಬೂರಿಯನ್ನು ಮೀಟುತ್ತ ಗುರುವಿನ ಬೆನ್ನ ಹಿಂದೆ ಕುಳಿತಿರುತ್ತಿದ್ದವನು ಸಾಮಾನ್ಯವಾಗಿ ಶಿಷ್ಯ. ಅವನ ಹೆಸರನ್ನು ಯಾರೂ ಕೇಳರು. ಆದರೆ ಗಂಟೆಗಟ್ಟಲೆ ಷಡ್ಜಪಂಚಮಗಳ ನಡುವೆ ಕುಳಿತು, ಗುರುವು ಉಸಿರನ್ನು ಎಲ್ಲಿ ತೆಗೆದುಕೊಂಡರೆಂಬುದನ್ನು ಹಿಂದಿನಿಂದ ನೋಡಿ ಕಲಿಯುವ ಅವಕಾಶ ಅವನೊಬ್ಬನಿಗೇ ಇತ್ತು. 1979ರಲ್ಲಿ ಬೆಂಗಳೂರಿನ ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್‌ನಾರಾಯಣ್ ಅವರು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಮಾಡಿದರು. ಮುಂದೆ ಅದೇ ಬಗೆಯಲ್ಲಿ ತಂಬೂರಿಯ ಯಂತ್ರವೂ ಬಂದಿತು. ಅದರಿಂದ ಎಷ್ಟೋ ಹಳ್ಳಿಗಳಲ್ಲಿ, ತಂಬೂರಿಯನ್ನು ಕೊಳ್ಳಲಾರದ, ಮೀಟುವುದಕ್ಕೆ ಜೊತೆಯಿಲ್ಲದ ಹುಡುಗಿಯರು ಒಬ್ಬರೇ ಕುಳಿತು ಶ್ರುತಿಶುದ್ಧವಾಗಿ ಹಾಡುವುದನ್ನು ಕಲಿತರು. ಈ ಉಪಕಾರವನ್ನು ಮರೆಯುವುದು ಕೃತಘ್ನತೆ. ಜೊತೆಗೆ, ಗುರುವಿನ ಬೆನ್ನ ಹಿಂದಿನ ಆ ಜಾಗವು ಅನೇಕ ಕಡೆಗಳಲ್ಲಿ ಖಾಲಿಯಾಯಿತೆಂಬುದೂ ನಿಜ.

ಬೇಸ್ ಗಿಟಾರಿನವನ ಪಾಡೂ ಇದೇ. ಕೀಬೋರ್ಡಿನವನು ಎಡಗೈಯಿಂದಲೇ ಬೇಸನ್ನು ಒತ್ತಬಲ್ಲನು. ಅವನ ಕೈಗೂ ಬಿಡುವಿಲ್ಲದಿದ್ದರೆ ಮೊದಲೇ ಧ್ವನಿಮುದ್ರಿಸಿದ ತಾಳಮೇಳಗಳು ಪೆಟ್ಟಿಗೆಯೊಳಗೆ ಸಿದ್ಧವಾಗಿವೆ. ತಂಡದ ಯಜಮಾನನಿಗೆ ವ್ಯಾನಿನಲ್ಲಿ ಒಂದು ಜಾಗ, ಒಂದು ಊಟ, ಒಂದು ಸಂಬಳ ಉಳಿಯುತ್ತವೆ. ನಿನ್ನೆಯವರೆಗೆ ಹೊಸ ಸಾಮಗ್ರಿ ಬಂದಿತೆಂದು ಹಿಗ್ಗುತ್ತಿದ್ದ ಬೇಸಿನವನು ಇಂದು ಹೊಸ ಸಾಮಗ್ರಿಯಿಂದಲೇ ಕೆಲಸ ಕಳೆದುಕೊಂಡು, ಅದು ಅನ್ಯಾಯವೆಂದು ಕೂಗಿದರೆ ಅವನ ಕೂಗಿಗೆ ನ್ಯಾಯವುಂಟೇ? ಡಬಲ್ ಬೇಸಿನವರನ್ನು ಹಿಂದೆ ಅವನ ಗಿಟಾರೇ ಅಲ್ಲವೇ ಮನೆಗೆ ಕಳುಹಿಸಿದುದು? ಈ ಪ್ರಶ್ನೆ ಚುರುಕಾಗಿದೆಯಾದರೂ ಪೂರ್ತಿಯಾಗಿ ಸರಿಯಲ್ಲ. ಡಬಲ್ ಬೇಸನ್ನು ಇಳಿಸಿದವನು ಗಿಟಾರನ್ನು ಎತ್ತಿಕೊಳ್ಳಬಹುದಾಗಿತ್ತು, ಎಷ್ಟೋ ಮಂದಿ ಎತ್ತಿಕೊಂಡರು. ಸಾಮಗ್ರಿ ಬದಲಾಯಿತೇ ಹೊರತು ಅದನ್ನು ಹಿಡಿಯುವುದಕ್ಕೆ ಒಂದು ಕೈ ಬೇಕಾಗಿಯೇ ಇತ್ತು. ಮುದ್ರಿಸಿದ ತಾಳಕ್ಕೆ ಕೈ ಬೇಕಾಗಿಲ್ಲ. ಕೈಯನ್ನು ಕರೆಯುವ ಸಾಮಗ್ರಿ ಒಂದು, ಕೈಯನ್ನು ಕಳುಹಿಸಿಬಿಡುವ ಸಾಮಗ್ರಿ ಇನ್ನೊಂದು. ಇವೆರಡಕ್ಕೂ ನಡುವಣ ಗೆರೆ ಯಾವಾಗಲೂ ಸ್ಪಷ್ಟವಾಗಿರುವುದಿಲ್ಲವೆಂಬುದಕ್ಕೆ ಆ ಶ್ರುತಿಪೆಟ್ಟಿಗೆಯೇ ಸಾಕ್ಷಿ. ಹಾಡುವವಳ ಕಂಠವನ್ನು ಕರೆದುದೂ ಅದೇ, ಶಿಷ್ಯನ ಬೆರಳನ್ನು ಕಳುಹಿಸಿದುದೂ ಅದೇ.

ಸವಳಂಗವನ್ನು ದಾಟಿ ಶಿಕಾರಿಪುರದ ಆಚೆಗೆ ಹೋದರೆ ಬಳ್ಳಿಗಾವೆ ಸಿಕ್ಕುತ್ತದೆ. ಅಲ್ಲಮಪ್ರಭುವು ಅಲ್ಲಿಯವನೆಂದೂ, ದೇವಾಲಯದಲ್ಲಿ ಮದ್ದಳೆಯನ್ನು ನುಡಿಸುತ್ತಿದ್ದನೆಂದೂ ಹರಿಹರನು ತನ್ನ ರಗಳೆಯಲ್ಲಿ ಹೇಳುತ್ತಾನೆ. ಪ್ರಿಯಳಾದ ಕಮಲತೆ ತೀರಿಹೋದ ಮೇಲೆ ಮತಿಗೆಟ್ಟವನಂತೆ ಅಲೆದು ಅನಿಮಿಷಯ್ಯನನ್ನು ಕಂಡ ಆ ಮಹಾತ್ಮನು ಕೊನೆಗೆ ಮದ್ದಳೆಯನ್ನು ಬಿಟ್ಟನು. ವೈರಾಗ್ಯವನ್ನು ಹೊಗಳುವವರು ಅವನು ಬಿಟ್ಟುದನ್ನೇ ಎತ್ತಿ ಹೇಳುವರು. ಆದರೆ ಬಿಡುವುದಕ್ಕೆ ಮುಂಚೆ ಅವನು ಅದನ್ನು ಶ್ರುತಿಗೂಡಿಸುತ್ತಿದ್ದನೆಂಬುದೂ, ಮಳೆಗಾಲದಲ್ಲಿ ಅದರ ಚರ್ಮ ಸಡಿಲವಾದಾಗ ಇತರ ಮದ್ದಳೆಗಾರರಂತೆಯೇ ಕೆಂಡದ ಮುಂದೆ ಹಿಡಿದು ಕಾಯಿಸುತ್ತಿದ್ದಿರಬೇಕೆಂಬುದೂ ನೆನಪಿನಲ್ಲಿಡತಕ್ಕವು. ತನ್ನ ದೇಹವನ್ನೇ ವಾದ್ಯವಾಗಿ ಮಾಡಿಕೊಳ್ಳೆಂದು ದೇವರನ್ನು ಬೇಡಿದ ಬಸವಣ್ಣನವರ ವಚನವನ್ನು ಬಲ್ಲವರಿಗೆ, ದಂಡಿಗೆಯೂ ಸೋರೆಬುರುಡೆಯೂ ಶರಣರ ಕಣ್ಣಿಗೆ ತುಚ್ಛವಾಗಿರಲಿಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಮೇಲೆ ಭಾವಿಸಿಕೊಂಡ ತರುಣನ ಸಂಗತಿ ಇನ್ನೂ ತೀರಲಿಲ್ಲ. ಅವನು ತನ್ನ ಆಸೆಯನ್ನು ಊರಿನ ಹಿರಿಯ ಡೊಳ್ಳಿನವರೊಬ್ಬರಲ್ಲಿ ಹೇಳಿಕೊಂಡನೆಂದು ಇಟ್ಟುಕೊಳ್ಳಬಹುದು. ಎಂಟು ಹತ್ತು ಮಳೆಗಾಲ ಕಂಡ ಆ ಹಳೆಯ ಗಿಟಾರಿನಲ್ಲಿ ಕೆಲವು ಸ್ವರಗಳು ಕರಕರವೆನ್ನುತ್ತವೆ, ಎಷ್ಟು ಮೆತ್ತಗೆ ಒತ್ತಿದರೂ ಹೋಗುವುದಿಲ್ಲ, ಆದುದರಿಂದ ಹೊಸದು ಬೇಕು ಎಂಬುದು ಅವನ ವಾದ. ಹಿರಿಯರ ಬಾಯಿಗೆ ಮೊದಲು ಬಂದುದು ಕುಣಿಯಲಾರದವಳ ಗಾದೆಯೇ. ತರುಣನ ಮುಖ ಸಪ್ಪಗಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವರು, "ತಾ ತಮ್ಮಾ, ನೋಡಾಣ" ಎಂದು ವಾದ್ಯವನ್ನು ತೆಗೆದುಕೊಂಡರು.

ಮರವು ತೇವವನ್ನು ಕುಡಿದು ಉಬ್ಬುವುದೂ ಬೇಸಿಗೆಯಲ್ಲಿ ಒಣಗಿ ಕುಗ್ಗುವುದೂ ಡೊಳ್ಳಿನವರಿಗೆ ಹೊಸ ವಿಷಯವಲ್ಲ. ಗಿಟಾರಿನ ದಂಡಿಯೂ ಮರವೇ. ಅದರೊಳಗೆ ಒಂದು ಕಬ್ಬಿಣದ ಸಲಾಕೆಯಿದ್ದು, ತುದಿಯ ತಿರುಪನ್ನು ತಿರುಗಿಸಿದರೆ ದಂಡಿಯ ಬಾಗು ಹೆಚ್ಚು ಕಡಮೆಯಾಗುತ್ತದೆಂಬುದನ್ನು ತರುಣನು ಬಲ್ಲನಾದರೂ, ಕೆಡುವುದೆಂಬ ಭಯದಿಂದ ಎಂದೂ ಮುಟ್ಟಿದವನಲ್ಲ. ದಪ್ಪ ತಂತಿಯನ್ನು ಮೊದಲನೆಯ ಮೆಟ್ಟಿಲಿನಲ್ಲಿಯೂ ಕಡೆಯ ಮೆಟ್ಟಿಲಿನಲ್ಲಿಯೂ ಒಟ್ಟಿಗೆ ಒತ್ತಿ ಹಿಡಿದು, ನಡುವೆ ತಂತಿಗೂ ಮೆಟ್ಟಿಲಿಗೂ ಇರುವ ಸಂದನ್ನು ನೋಡಿದರೆ ಬಾಗು ತಿಳಿಯುತ್ತದೆ. ಹಿರಿಯರು ಗಿಟಾರನ್ನು ಬೆಳಕಿನ ಕಡೆಗೆ ಎತ್ತಿ, ಬಡಗಿಯು ಹಲಗೆಯನ್ನು ನೋಡುವಂತೆ ಒಂದು ಕಣ್ಣನ್ನು ಮುಚ್ಚಿಕೊಂಡು ದಂಡಿಯ ಉದ್ದಕ್ಕೂ ನೋಡಿದರು. ಆಮೇಲೆ ಗಾದೆಯ ಮಾತನ್ನು ಎತ್ತದೆ, ಆ ತಿರುಪಿಗೆ ಹೊಂದುವ ಚಾವಿ ಮನೆಯಲ್ಲಿದೆಯೇ ಎಂದು ಕೇಳಿದರು.